ಅಂಟುಗೈ

"ಕಣ್ಣು ಮುಚ್ಚಿದ್ದೀಯೋ, ಬಟ್ಟೆ ಸಂದೀಲಿ ನೋಡ್ತಿದ್ದೀಯೋ?" ಎಂದರು ಮಾಸ್ತರು.

"ಮುಚ್ಚಿದ್ದೀನಿ" ಎಂದಳು ಟೈಲರಮ್ಮ.

ಹಸಿ ಸುಳ್ಳು. ಕಣ್ಣಿಗೆ ಕಟ್ಟಿಕೊಂಡದ್ದು ಅವಳ ಅಂಗಡಿಯದೇ ಲೈನಿಂಗ್ ಬಟ್ಟೆಯ ತುಂಡು. ಯಾವ ಬಟ್ಟೆಯಿಂದ ಎಷ್ಟು ಕಾಣುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದುರಿಗೆ ಬೇಕರಿಯವನು ಗೋಣಿಚೀಲದ ಹಾಗೆ ಮಸುಕಾಗಿ ನಿಂತಿದ್ದ. ಅವನ ಮುಂಗೈಗೆ ಇವಳ ಮುಂಗೈ ತಾಗಿತ್ತು. ಹಾಗೆ ತಾಗಿಸಿಕೊಂಡೇ ಇಬ್ಬರೂ ಕೈಗಳನ್ನು ಒಳಕ್ಕೂ ಹೊರಕ್ಕೂ ಉರುಳಿಸುತ್ತಿದ್ದರು. ಕೈ ಬಿಡಬಾರದು, ಹಿಡಿಯಲೂಬಾರದು. ಎದುರಿನವನು ಏನು ಮಾಡಲಿದ್ದಾನೆ ಎಂದು ಚರ್ಮಕ್ಕೆ ತಿಳಿಯಬೇಕು. ಮಾಸ್ತರು ಇದನ್ನು ಅಂಟುಗೈ ಎನ್ನುತ್ತಿದ್ದರು. ಅವರು ಕಲಿಸುತ್ತಿದ್ದ ವಿಂಗ್ ಚುನ್ ಎಂಬ ಚೀನಾದ ಕೈಕಾಳಗ ವಿದ್ಯೆಯ ಜೀವವೇ ಅದಂತೆ. ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಕಾಲದಲ್ಲಿ ಅಲ್ಲಿದ್ದ ಚೀನಾದ ಅಡುಗೆಯವನು ಅವರಿಗೆ ಇದನ್ನು ಕಲಿಸಿದ್ದನಂತೆ. ಎಲ್ಲ 'ಅಂತೆ'ಗಳೇ. ಟೈಲರಮ್ಮ ಈಗ ಯಾರ ಅಂತೆಯನ್ನೂ ನಂಬುವ ಹೆಂಗಸಾಗಿ ಉಳಿದಿರಲಿಲ್ಲ.

ಟೈರ್ ಅಂಗಡಿಯ ಮೇಲಿನ ಈ ಹಾಲಿಗೆ ಭಾನುವಾರದ ಬೆಳಿಗ್ಗೆ ಬರುವ ಗಂಡಸರಲ್ಲಿ ಬೇಕರಿಯವನೊಬ್ಬನನ್ನು ಬಿಟ್ಟು ಒಬ್ಬೊಬ್ಬನ ಕೈಯನ್ನೂ ಅವಳು ಮುಟ್ಟಿ ನೋಡಿಯಾಗಿತ್ತು. ಅಂಚೆಯವನದು ಹಗುರ, ಪೇಂಟರನದು ಗಡುಸು, ಕಾಲೇಜಿನವನದು ಬರೀ ನಡುಕ. ಇವರು ಯಾರೂ ಅಲ್ಲ. ಆ ಕೈ ಬೇರೆ.

ತನ್ನ ಹೊಲಿಗೆ ಅಂಗಡಿ ಮುಚ್ಚಿ ಮೆಟ್ಟಿಲಿಳಿಯುತ್ತಿದ್ದ ಆ ಸಂಜೆ ಬಲ್ಬ್ ಉರಿಯುತ್ತಿರಲಿಲ್ಲ. ಹಿಂದಿನಿಂದ ಯಾರೋ ಬಾಯಿ ಮುಚ್ಚಿ, ಮಣಿಕಟ್ಟು ತಿರುಚಿ, ಅವಳ ಮುಖವನ್ನು ಗೋಡೆಗೆ ಒತ್ತಿದ್ದರು. ಪರ್ಸ್ ಮುಟ್ಟಲಿಲ್ಲ. ಸರ ಮುಟ್ಟಲಿಲ್ಲ. ಒಂದು ಮಾತೂ ಆಡದೆ ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದು, ನೂಕಿ, ಕತ್ತಲಲ್ಲಿ ಕರಗಿದ್ದರು. ಇಸ್ತ್ರಿ ಬಟ್ಟೆ ಕೊಟ್ಟುಬರಲು ಹೋಗಿದ್ದ ಮೈದುನ ಓಡಿ ಬಂದು ನೀರು ಕುಡಿಸಿದ. ಪೊಲೀಸಿನವನು ಕೇಳಿದ್ದ: "ವಾಸನೆ ಏನಾದ್ರೂ ಬಂತಾ? ಸಿಗರೇಟು, ಹೆಂಡ?" ಏನೂ ಇಲ್ಲ. ಯಾವ ವಾಸನೆಯೂ ಇಲ್ಲದ ಮನುಷ್ಯ. ಅವಳಿಗೆ ನೆನಪಿದ್ದದ್ದು ಒಂದೇ. ತಾನು ಕೊಸರಿದಾಗ ಆ ಕೈ ಒಮ್ಮೆ ತುಸು ಸಡಿಲವಾಗಿ, ಆಮೇಲೆ ಭಾರ ಬಿಟ್ಟು ಒತ್ತಿತ್ತು.

ಮರುದಿನವೇ ಗಂಡ ರಾಗ ತೆಗೆದ. "ನಿನಗ್ಯಾಕೆ ಇನ್ನು ಅಂಗಡಿ? ತಮ್ಮನಿಗೆ ಬಿಟ್ಟು ಮನೇಲಿರು. ಅವನೂ ಎಷ್ಟು ದಿನ ಅಂತ ಇಸ್ತ್ರಿ ಉಜ್ಜಿಕೊಂಡೇ ಇರ್ತಾನೆ?"

"ನಾನು ಕಟ್ಟಿದ ಅಂಗಡಿ. ಸತ್ತರೂ ಮಿಷಿನ್ ಮೇಲೇ ಸಾಯ್ತೀನಿ" ಎಂದು ಅವಳು ಪಾತ್ರೆ ಕುಕ್ಕಿದ್ದಳು. ಹಾಗಂದಳೇ ಹೊರತು, ಸಂಜೆಯಾದರೆ ಮೆಟ್ಟಿಲ ಹತ್ತಿರ ಕಾಲೇ ಏಳುತ್ತಿರಲಿಲ್ಲ. ಮೈದುನ ಮುಂದೆ ಮುಂದೆ ಟಾರ್ಚ್ ಹಿಡಿದು ಇಳಿಯುತ್ತಿದ್ದ. "ನಾನಿದ್ದೀನಲ್ಲ, ಬನ್ನಿ ಅತ್ತಿಗೆ." ಎಷ್ಟು ದಿನ ಹೀಗೆ? ಈ ವಿದ್ಯೆಯನ್ನು ಮೊದಲು ಹುಟ್ಟಿಸಿದ್ದೇ ಒಬ್ಬ ಹೆಂಗಸಂತೆ ಎಂದು ಯಾರೋ ಹೇಳಿದ್ದರು. ಆ ಒಂದು ಅಂತೆಯನ್ನು ಮಾತ್ರ ನಂಬಿ ಅವಳು ಇಲ್ಲಿಗೆ ಬಂದಿದ್ದಳು.

ಬೇಕರಿಯವನ ಕೈ ಉರುಳುತ್ತಿತ್ತು. ಅವಳು ಬೇಕೆಂದೇ ಕೊಸರಿದಳು.

ಆ ಕೈ ಒಮ್ಮೆ ಸಡಿಲವಾಯಿತು. ಆಮೇಲೆ ಭಾರ ಬಿಟ್ಟು ಒತ್ತಿತು.

ಅವಳ ಮೈಯೆಲ್ಲ ಉರಿ ಎದ್ದಿತು. ಕಲಿತದ್ದು, ಕಲಿಯದ್ದು ಎಲ್ಲ ಸೇರಿ ಮುಷ್ಟಿ ಮುಂದೆ ಹೋಯಿತು. ಒಂದರ ಹಿಂದೆ ಒಂದು ಏಟು. ಕಣ್ಣಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು ನೋಡಿದರೆ ಬೇಕರಿಯವನು ನೆಲದ ಮೇಲೆ ಕೂತಿದ್ದ, ಮೂಗಿನಿಂದ ರಕ್ತ.

"ನೀನೇ! ಮೆಟ್ಟಿಲ ಮೇಲೆ ನನ್ನ ಕೈ ತಿರುಚಿದೋನು ನೀನೇ! ಈ ಒತ್ತು ನನಗೆ ಗೊತ್ತು ಕಣೋ!"

ಬೇಕರಿಯವನು ತೋಳಿನಿಂದ ಮೂಗು ಒರೆಸಿಕೊಂಡ. ಸಿಟ್ಟಾಗಲಿಲ್ಲ, ಅದೇ ಅವಳಿಗೆ ಇನ್ನೂ ಅನುಮಾನ ಹುಟ್ಟಿಸಿತು.

"ಅಮ್ಮಾ, ಬುದ್ಧಿ ಬಂದಾಗಿನಿಂದ ಹಿಟ್ಟು ನಾದಿದ ಕೈ ಇದು. ಸಡಿಲ ಬಿಟ್ಟು ಒತ್ತೋದು, ಸಡಿಲ ಬಿಟ್ಟು ಒತ್ತೋದು. ಹೆಂಡ್ತಿ ಕೈ ಹಿಡಿದ್ರೂ ಹಾಗೇ ಒತ್ತುತ್ತೆ, ಬೈಸ್ಕೊಳ್ತೀನಿ" ಎಂದ. ಪೇಂಟರ್ ಕಿಸಕ್ಕನೆ ನಕ್ಕ. "ಅದಿರಲಿ, ನಿಮ್ಮನ್ನ ಹಿಡಿದೋನ ಮೈಯಿಂದ ಬ್ರೆಡ್ ವಾಸನೆ ಬಂತಾ?"

"ಯಾವ ವಾಸನೆಯೂ ಬರಲಿಲ್ಲ."

"ಮತ್ತೆ? ಮೂರು ಸಲ ಸೋಪು ಹಚ್ಚಿದ್ರೂ ನನ್ನ ಮೈಯಿಂದ ಈ ವಾಸನೆ ಹೋಗಲ್ಲ. ನನಗೆ ಗೊತ್ತಾಗಲ್ಲ, ಬಸ್ಸಲ್ಲಿ ಪಕ್ಕದವರಿಗೆ ಹಸಿವಾಗುತ್ತೆ. ಈಗ ನಿಮ್ಮನ್ನೇ ತಗೊಳ್ಳಿ, ನೀವು ಹಾಲ್ ಒಳಗೆ ಬಂದ್ರೆ ಬಿಸಿ ಬಟ್ಟೆ ವಾಸನೆ, ಇಸ್ತ್ರಿ ವಾಸನೆ. ನಿಮಗೆ ಗೊತ್ತಾಗುತ್ತಾ?"

ಅವಳು ಸೆರಗು ಎತ್ತಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಇನ್ನೊಮ್ಮೆ ಎಳೆದುಕೊಂಡಳು. ಏನೂ ಇಲ್ಲ.

ಮಾಸ್ತರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನೀನು ಇಲ್ಲಿಗೆ ಕಲಿಯೋಕೆ ಬರ್ತಿಲ್ಲ, ಹುಡುಕೋಕೆ ಬರ್ತಿದ್ದೀಯ. ಕಲಿತರೆ ತಾನಾಗೇ ಸಿಗುತ್ತೆ. ಸಿಟ್ಟು ಬಂದ ಕೈಗೆ ಕಿವಿ ಇರಲ್ಲ ತಾಯಿ."

ಬೇಕರಿಯವನ ಮೂಗಿಗೆ ಅವಳೇ ಆ ಲೈನಿಂಗ್ ತುಂಡನ್ನು ಒದ್ದೆ ಮಾಡಿ ಒತ್ತಿದಳು. "ತಪ್ಪಾಯ್ತಪ್ಪ" ಎಂದಳು. ಯಾರಿಗೂ ತಪ್ಪಾಯ್ತು ಎಂದ ಅಭ್ಯಾಸವಿಲ್ಲದ ನಾಲಿಗೆ ಅದು.

ಮರುದಿನ ಅಂಗಡಿಯಲ್ಲಿ ಅವಳು ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಮಿಷಿನ್ ಮುಂದೆ ಕೂತಳು. ಬೆನ್ನ ಹಿಂದೆ ಇಸ್ತ್ರಿ ಮೇಜು. ಮೂಗಿಗೆ ಗೊತ್ತಾಗದಷ್ಟು ಪಳಗಿದ ವಾಸನೆ, ವರ್ಷಾನುಗಟ್ಟಲೆ ಕೇಳಿದ ಸದ್ದು. ಇಸ್ತ್ರಿಪೆಟ್ಟಿಗೆ ತುಸು ಏಳುವುದು, ಆಮೇಲೆ ದೊಪ್ಪನೆ ಕೂತು ಒತ್ತುವುದು. ಅವಳ ಕಾಲು ಪೆಡಲ್ ಮೇಲೆ ನಿಂತುಹೋಯಿತು.

"ದಾರ ತುಂಡಾಯ್ತಾ ಅತ್ತಿಗೆ?" ಮೈದುನ ಕೇಳಿದ.

"ಇಲ್ಲ. ಬಾ ಇಲ್ಲಿ. ಕೈ ಮುಂದೆ ಚಾಚು."

"ಯಾಕೆ?"

"ಅಭ್ಯಾಸ ಮಾಡ್ಬೇಕು. ಮಾಸ್ತರು ಬೈದಿದ್ದಾರೆ."

"ನಾನು ಅತ್ತಿಗೆ ಕೈ ಮುಟ್ಟೋದಾ? ಯಾರಾದ್ರೂ ನೋಡಿದ್ರೆ?" ಎಂದು ನಕ್ಕ. ಈ ಮನೆಗೆ ಅವಳು ಸೊಸೆಯಾಗಿ ಬಂದಾಗ ಅವನಿಗೆ ಮೀಸೆ ಚಿಗುರಿರಲಿಲ್ಲ. ಅಂದಿನಿಂದ ಅವನ ತಟ್ಟೆಗೆ ಬಡಿಸಿದ್ದಾಳೆ, ಜ್ವರಕ್ಕೆ ಮಾತ್ರೆ ಎತ್ತಿಟ್ಟಿದ್ದಾಳೆ, ಅಂಗಿ ಹೊಲಿದಿದ್ದಾಳೆ. ಕೈ ಮಾತ್ರ ಎಂದೂ ಮುಟ್ಟಿರಲಿಲ್ಲ.

"ಮುಟ್ಟಿದ್ರೆ ಸವೆದುಹೋಗ್ತೀಯಾ? ಚಾಚು."

ಚಾಚಿದ. ಅವಳು ಕಣ್ಣು ಮುಚ್ಚಿದಳು. ಈ ಸಲ ನಿಜವಾಗಿಯೂ ಮುಚ್ಚಿದಳು. ಅವನ ಕೈ ಹಗುರವಾಗಿತ್ತು, ಬೇಕೆಂದೇ ಹಗುರವಾಗಿತ್ತು. ಕತ್ತಲಲ್ಲಿ ಸದ್ದಾಗದಂತೆ ಹೆಜ್ಜೆ ಇಡುವವರ ಹಾಗೆ. ಅವಳು ಅವಸರ ಮಾಡಲಿಲ್ಲ. ಕೈಗಳು ಉರುಳಿದವು. ಒಳಕ್ಕೆ, ಹೊರಕ್ಕೆ.

"ಅಂಗಡಿ ವಿಷಯ ಅಣ್ಣ ಮತ್ತೆ ಹೇಳಿದ್ನಾ?" ಎಂದ.

"ಹೇಳಿದ."

"ನಿಮ್ಮ ಒಳ್ಳೇದಕ್ಕೇ ಅಲ್ವಾ ಅತ್ತಿಗೆ. ಕಾಲ ಸರಿ ಇಲ್ಲ."

ಅವಳು ಕೊಸರಿದಳು.

ಆ ಕೈ ಒಮ್ಮೆ ಸಡಿಲವಾಯಿತು. ಆಮೇಲೆ ಭಾರ ಬಿಟ್ಟು ಒತ್ತಿತು. ಗೋಡೆಯ ಸುಣ್ಣದ ತಂಪು ಅವಳ ಕೆನ್ನೆಗೆ ಮತ್ತೆ ತಾಗಿದಂತಾಯಿತು.

ಕಣ್ಣು ತೆರೆದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವನ ನಗು ಇನ್ನೂ ತುಟಿಯ ಮೇಲಿತ್ತು, ಇಳಿಸಲು ಜಾಗ ಸಿಗದ ಮೂಟೆಯ ಹಾಗೆ. ಅವಳ ಮುಷ್ಟಿ ಬಿಗಿಯಲಿಲ್ಲ. ಕೈಯನ್ನು ನಿಧಾನಕ್ಕೆ ಹಿಂದೆಗೆದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮಿಷಿನ್ ಆ ಕಡೆ ಹಿಡಿ. ತಿರುಗಿಸ್ಬೇಕು."

"ಎಲ್ಲಿಗೆ?"

"ನಿನ್ನ ಮೇಜಿನ ಕಡೆ."

ಇಬ್ಬರೂ ಸೇರಿ ಎತ್ತಿದರು. ನೆಲದ ಮೇಲೆ ಮಿಷಿನ್ ಕಾಲುಗಳ ಹಳೆಯ ಗುರುತು ಹಾಗೇ ಉಳಿಯಿತು.

"ಅತ್ತಿಗೆ, ಬೆಳಕು ಹಿಂದಿನಿಂದ ಬೀಳುತ್ತೆ. ನಿಮಗೆ ಸೂಜಿ ಕಾಣಲ್ಲ."

"ಸೂಜಿ ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು. ಇವತ್ತಿನಿಂದ ಬೀಗದ ಕೈ ನನ್ನ ಹತ್ರ ಇರಲಿ. ಟಾರ್ಚೂ ಕೊಡು. ಸಂಜೆ ನೀನು ಮೊದಲು ಹೊರಡು, ನಾನು ಮುಚ್ಚಿಕೊಂಡು ಬರ್ತೀನಿ."

ಅವನು ಬೀಗದ ಕೈಯನ್ನೂ ಟಾರ್ಚನ್ನೂ ಮಿಷಿನ್ ಮೇಲಿಟ್ಟು ಮೇಜಿನ ಹಿಂದೆ ಹೋಗಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ.

ಅವಳ ನೆರಳು ಸೂಜಿಯ ಮೇಲೆ, ಬಟ್ಟೆಯ ಮೇಲೆ, ಕೈಗಳ ಮೇಲೆ ಬಿದ್ದಿತ್ತು. ಅವಳು ಕೆಳಗೆ ನೋಡದೆ ಪೆಡಲ್ ಒತ್ತಿದಳು. ಹೊಲಿಗೆ ನೆಟ್ಟಗೆ ಓಡಿತು. ಮೇಜಿನ ಆಚೆ ಬಟ್ಟೆಯ ಮೇಲಿಟ್ಟ ಇಸ್ತ್ರಿಪೆಟ್ಟಿಗೆ ಕೂತಲ್ಲೇ ಕೂತಿತ್ತು, ಮೇಲೇಳಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಅಂಗಡಿಯ ತುಂಬ ಬಟ್ಟೆ ಕರಕಲಾಗುವ ವಾಸನೆ ಎದ್ದಿತು. ಅದು ಅವಳ ಮೂಗಿಗೆ ಚೆನ್ನಾಗಿ ಗೊತ್ತಾಯಿತು.