ಬೆಳ್ಳಕ್ಕಿಯ ನಾಲ್ಕನೆಯ ಕಿಟಕಿ

ಜಪಾನಿನ ಶಿಜುವೊಕದ ಪ್ಲಾಸ್ಟಿಕ್ ಮಾದರಿಗಳ ಅಂಗಡಿಯಲ್ಲಿ ಕುರೆಬಾಯಾಶಿಯೂ ಹಮಾನೊವೂ ಮತ್ತೆ ವಾದಕ್ಕೆ ಕೂತಿದ್ದರು. ಟೀವಿಯಲ್ಲಿ ನಲವತ್ತು ವರ್ಷದಿಂದ ಓಡುತ್ತಿರುವ ಧಾರಾವಾಹಿಯ ‘ಬೆಳ್ಳಕ್ಕಿ’ ಎಂಬ ಅಂತರಿಕ್ಷ ನೌಕೆಗೆ ಮೊದಲ ವರ್ಷ ಮೂರು ಕಿಟಕಿಗಳಿದ್ದವು, ಎರಡನೆಯ ವರ್ಷ ನಾಲ್ಕಾದವು. ಯಾಕೆ?

“ಮಂಗಳ ಗ್ರಹದ ಯುದ್ಧ ಆದ್ಮೇಲೆ ರಿಪೇರಿ ಮಾಡಿದಾರೆ ಕಣೋ,” ಎಂದ ಕುರೆಬಾಯಾಶಿ.

“ಯುದ್ಧಕ್ಕೆ ಹೊರಡೋ ಮುಂಚೇನೇ ಕೂರಿಸಿದ್ರು. ಆ ಕಂತು ಬಂದಾಗ ನೀನು ಗೊರಕೆ ಹೊಡೀತಿದ್ದೆ,” ಎಂದ ಹಮಾನೊ.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಮುದುಕ ಇಸೊಗಾಯ್‌ಗೆ ಇನ್ನು ತಡೆಯಲಾಗಲಿಲ್ಲ. ಚಿತ್ರೀಕರಣಕ್ಕೆ ಆ ನೌಕೆಯ ಮಾದರಿ ಮಾಡಿಕೊಟ್ಟವನೇ ಅವನು.

“ಡ್ರಿಲ್ ಕೈಜಾರಿ ತೂತಾಯ್ತು ಕಣ್ರಪ್ಪಾ. ಮುಚ್ಚೋಕೆ ಪುರುಸೊತ್ತಿರಲಿಲ್ಲ, ಒಳಗೊಂದು ಬಲ್ಬ್ ಇಟ್ಟೆ.”

ಗೆಳೆಯರಿಬ್ಬರೂ ಅಂದು ಮೊದಲ ಸಲ ಒಂದಾದರು.

“ತಪ್ಪು ತಿಳ್ಕೋಬೇಡಿ, ಇಸೊಗಾಯ್ ಸಾನ್,” ಹಮಾನೊ ತಲೆಬಾಗಿ ಹೇಳಿದ. “ಅದು ನಿಮ್ಮ ಗೊಂಬೆ ವಿಷಯ. ನಾವು ನೌಕೆ ವಿಷಯ ಮಾತಾಡ್ತಿದೀವಿ.”

ಮುದುಕನಿಗೆ ಪಿತ್ತ ನೆತ್ತಿಗೇರಿತು. ಲೋಟ ಕುಕ್ಕಿ ಬಾಗಿಲ ತನಕ ಹೋದವನು ಅಲ್ಲೇ ನಿಂತು ಯೋಚಿಸಿದ. ತಿರುಗಿ ಬಂದು ಕುರ್ಚಿ ಎಳೆದುಕೊಂಡ.

“ಹಾಗಾದ್ರೆ ಯುದ್ಧ ಆದ್ಮೇಲೇನೇ,” ಎಂದ. “ನಮ್ಮ ಕ್ಯಾಪ್ಟನ್ನು ಬುದ್ಧಿ ಇರೋನು. ಯುದ್ಧಕ್ಕೆ ಹೊರಟಿರೋ ಹಡಗಿಗೆ ಯಾವನಾದ್ರೂ ತೂತು ಕೊರೀತಾನಾ?”