ನಿಂತು ಆಡುವ ಮಾತು

ಕೆಲಸದಲ್ಲಿ ಯಾವುದನ್ನು ಬಿಡಬೇಕು ಎಂದು ಬರೆದ ಹಳದಿ ಚೀಟಿಗಳನ್ನು ಗೋಡೆಗೆ ಅಂಟಿಸಿ ಎಲ್ಲರೂ ಹಿಂದೆ ಸರಿದ ಮೇಲೆ ಉಜ್ವಲಾ ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದಳು. ಮೊದಲನೆಯದರಲ್ಲಿ ‘ಮುಂಜಾನೆ ನಿಂತು ಮಾತಾಡೂದು ಬಂದ್ ಮಾಡೋಣ’ ಎಂದಿತ್ತು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಓದುವ ಹೊತ್ತಿಗೆ ಅವಳ ದನಿ ಇಳಿದಿತ್ತು. ನಗುವನ್ನು ಮಾತ್ರ ಮುಖದಿಂದ ಜಾರಲು ಬಿಡಲಿಲ್ಲ. ಅದೂ ಅವಳ ಕೆಲಸದ ಒಂದು ಭಾಗವೇ ಅನ್ನಿ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಮೇಡಮ್," ಎಂದರು ಕಬ್ಬು ವಿಭಾಗದ ಹಿರಿಯರಾದ ಅಣ್ಣಾಸಾಬ. "ಬ್ಯಾಡಾದ್ದನ್ನ ಬಿಟ್ಟಬಿಡಬೇಕು, ಟೀಮ್ ಹೇಳಿದ್ದ ಖರೆ ಅಂತ ನೀವ ಕಲಿಸೀರಿ ಅಲ್ರಿ."

ಹೌದು, ಕಲಿಸಿದವಳು ಅವಳೇ. ಶಿರಗುಪ್ಪಿ ಹತ್ತಿರದ ಆ ಸಕ್ಕರೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆಯ ಕಬ್ಬಿನ ತೂಕ, ಗಾಡಿಗಳ ಓಡಾಟ, ಉಪಗ್ರಹ ತೆಗೆದ ಹೊಲಗಳ ಚಿತ್ರ, ಮಳೆ ಬಿಸಿಲಿನ ವಿವರ ಎಲ್ಲ ಸೇರಿ ಗುಡ್ಡದಷ್ಟು ಡೇಟಾ ಬಿದ್ದಿತ್ತು. ಅದನ್ನು ಜರಡಿ ಹಿಡಿದು, ಯಾವ ಹೊಲದ ಕಬ್ಬನ್ನು ಮೊದಲು ಕಡಿಯಬೇಕೆಂದು ಹೇಳುವ ವ್ಯವಸ್ಥೆ ಕಟ್ಟಲು ಪುಣೆಯ ಕಂಪನಿ ಅವಳನ್ನು ಕಳಿಸಿತ್ತು. ದೊಡ್ಡ ಯೋಜನೆ ಹಾಕಿ ವರ್ಷವಿಡೀ ಕಾಯುವುದು ಬೇಡ, ಹದಿನೈದು ದಿನಕ್ಕೊಂದು ತುಂಡು ಕೆಲಸ ಮುಗಿಸಿ, ತೋರಿಸಿ, ತಪ್ಪಿದ್ದನ್ನು ತಿದ್ದಿಕೊಂಡು ಮುಂದೆ ಹೋಗೋಣ ಎನ್ನುವುದು ಅವಳ ಅಜೈಲ್ ಪದ್ಧತಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸುತ್ತ ನಿಂತು ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ ಎಂದು ಕಾಲು ಗಂಟೆ ಹೇಳಿಕೊಳ್ಳುವುದೂ ಅದರದೇ ರೂಢಿ.

"ವಾಟ್ಸಾಪ್‌ನ್ಯಾಗ ಎರಡ ಸಾಲ ಹಾಕಿದ್ರ ಮುಗೀತ್ರಿ," ಎಂದ ಉಪಗ್ರಹ ಚಿತ್ರಗಳನ್ನು ನೋಡಿಕೊಳ್ಳುವ ಶಾಹನವಾಜ. ತೂಕದ ಡೇಟಾ ನೋಡುವ ಸೌಂದರ್ಯಾ ನೆಲ ನೋಡುತ್ತ, "ನನಗೂ ಹಂಗ ಬರೋಬ್ಬರಿ ಅನಸ್ತೈತ್ರಿ," ಎಂದಳು.

ಉಜ್ವಲಾ ವಾದ ಮಾಡಬಹುದಿತ್ತು. ಆದರೆ ನಿಜವಾದ ಕಾರಣ ಯಾವ ಚೀಟಿಯ ಮೇಲೂ ಬರೆಯುವಂಥದ್ದಾಗಿರಲಿಲ್ಲ. ಗಂಡ ಬೇರೆ ದಾರಿ ಹಿಡಿದು ವರ್ಷಗಳಾಗಿದ್ದವು. ನಿಪ್ಪಾಣಿಯಲ್ಲಿದ್ದ ತಾಯಿ ತೀರಿಕೊಂಡ ಮೇಲೆ ಊಟ ಆಯ್ತಾ ಎಂದು ಕೇಳುವ ಫೋನೂ ನಿಂತಿತ್ತು. ಕಾಗವಾಡದ ಬಾಡಿಗೆ ಕೋಣೆಯಲ್ಲಿ ಭಾನುವಾರ ಪೂರ್ತಿ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸೋಮವಾರದ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಕರಕರ ಎನ್ನುತ್ತಿತ್ತು. ಒಂಬತ್ತು ಗಂಟೆಗೆ ಅಣ್ಣಾಸಾಬರು ಕೆಲಸದ ನಡುವೆ ಮೊಮ್ಮಗಳ ಜ್ವರದ ಸುದ್ದಿ ತೆಗೆದರೆ, ಸೌಂದರ್ಯಾ ಐಗಳಿಯ ಬಸ್ಸಿಗೆ ಶಾಪ ಹಾಕಿದರೆ, ತಡೆಯಬೇಕಾದವಳೇ ಬೇಕಂತ ಸುಮ್ಮನಿರುತ್ತಿದ್ದಳು. ಅಷ್ಟರಲ್ಲೇ ಅವಳ ದಿನ ಸಾಗುತ್ತಿತ್ತು. ಟೀಮಿಗೆ ಬೇಡವಾದದ್ದು ತನಗೆ ಬೇಕು ಎಂದು ಯಾವ ಬಾಯಿಂದ ಹೇಳುವುದು?

"ಆತು. ನಾಳಿಂದ ಬ್ಯಾಡ," ಎಂದಳು.

ಮರುದಿನ ಒಂಬತ್ತರೊಳಗೆ ಮೆಸೇಜುಗಳು ಸಾಲಾಗಿ ಬಂದವು. ಚುಟುಕು, ಚೊಕ್ಕ, ಒಂದೂ ತಪ್ಪಿಲ್ಲ. ಎಲ್ಲಕ್ಕೂ ಮೇಲೆತ್ತಿದ ಹೆಬ್ಬೆರಳಿನ ಇಮೋಜಿ ಒತ್ತಿ ಅವಳು ಕಾರ್ಖಾನೆಯ ಖಾಲಿ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಆಗ ಕಿಟಕಿಯ ಕೆಳಗಿಂದ ನಗು ಕೇಳಿಸಿತು.

ತೂಕದ ಕಟ್ಟೆಯ ಆಚೆ ಚಹಾದ ಗಾಡಿಯ ಮುಂದೆ ಮೂವರೂ ನಿಂತಿದ್ದರು. ಅಣ್ಣಾಸಾಬರು ಕೈ ಬೀಸಿ ಯಾವನೋ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆದ ಪರಿಯನ್ನು ಮಾಡಿ ತೋರಿಸುತ್ತಿದ್ದರು. ಶಾಹನವಾಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸೌಂದರ್ಯಾ ನಡುವೆ ಬಾಯಿ ಹಾಕಿ ಇನ್ನಷ್ಟು ಸೇರಿಸುತ್ತಿದ್ದಳು. ಕಾಲು ಗಂಟೆ ಯಾವಾಗಲೋ ದಾಟಿತ್ತು. ಹಾಗಾದರೆ ಇವರಿಗೆ ಬೇಡವಾಗಿದ್ದು ಮಾತಲ್ಲ. ಆದರೂ ಉಜ್ವಲಾಳ ಕಾಲು ಮೆಟ್ಟಿಲ ಕಡೆಗೆ ಹೊರಟುಬಿಟ್ಟಿತ್ತು. ಹೋಗಿ ಏನೆನ್ನಬೇಕು, ಚಳಿ ಜಾಸ್ತಿ ಆಗಿದೆ ಎನ್ನಲೇ, ಚಹಾ ಚಲೋ ಇದೆಯೇ ಎನ್ನಲೇ ಎಂದು ಇಳಿಯುತ್ತಲೇ ಮನಸ್ಸಿನಲ್ಲಿ ಆಡಿಕೊಂಡಳು.

"ನನಗೂ ಒಂದ ಚಹಾ ಹೇಳ್ರಿ," ಎಂದಳು ಕೊನೆಗೆ.

ಅಣ್ಣಾಸಾಬರ ಕೈ ಗಾಳಿಯಿಂದ ಕೆಳಗಿಳಿಯಿತು. ಟೊಪ್ಪಿಗೆ ಸರಿಮಾಡಿಕೊಂಡು, "ಏ, ಮೇಡಮ್ಮರಿಗೆ ಕುರ್ಚಿ ತಾರಪಾ," ಎಂದು ಚಹಾದವನನ್ನು ಕರೆದರು.

"ಇರ್ಲಿ ಬಿಡ್ರಿ, ನಿಂತ ಕುಡೀತೀನಿ."

"ಛೇ, ನೀವ್ ನಿಲ್ಲೂದಂದ್ರ ಹೆಂಗ್ರಿ. ಕುಂದರ್ರಿ."

ಚಹಾದವ ತಾನು ಕೂರುವ ಕುರ್ಚಿಯನ್ನೇ ಟವೆಲಿನಿಂದ ಒರೆಸಿ ತಂದಿಟ್ಟ. ಮೂವರ ಕೈಯಲ್ಲೂ ಕಾಗದದ ಕಪ್ಪು. ಅವಳಿಗೆ ಬಸಿಯ ಸಮೇತ ಗಾಜಿನ ಕಪ್ಪು ಬಂತು. ಅವಳು ಕುಳಿತಳು.

"ಏನ್ ನಗಾಕತ್ತಿದ್ರಿ? ನನಗೂ ಹೇಳ್ರಿ."

"ಏನಿಲ್ರಿ ಮೇಡಮ್, ಹಂಗ ಸುಮ್ನ," ಎಂದರು ಅಣ್ಣಾಸಾಬ. ಶಾಹನವಾಜ ಕಪ್ಪನ್ನು ಬೆನ್ನ ಹಿಂದೆ ಹಿಡಿದು ನೆಟ್ಟಗೆ ನಿಂತು, "ನಿನ್ನಿ ಐಗಳಿ ಕಡೀ ಚಿತ್ರ ಮುಗಿಸೇನ್ರಿ. ಇವತ್ತ ಉಗಾರದ್ದು ಹಿಡೀತೀನ್ರಿ," ಎಂದ. ಸೌಂದರ್ಯಾಳೂ ತನ್ನದು ಹೇಳಿದಳು. ಅಣ್ಣಾಸಾಬರೂ ಹೇಳಿದರು. ಮೆಸೇಜಿನಲ್ಲಿ ಇದ್ದದ್ದೇ, ಒಂದಕ್ಷರ ಹೆಚ್ಚಿಲ್ಲ. ಅವಳು ಒಬ್ಬೊಬ್ಬರನ್ನೂ ತಲೆಯೆತ್ತಿ ನೋಡಿ, "ಚಲೋ ಆತು," ಎನ್ನುತ್ತ ಹೋದಳು.

"ಬರ್ತೀವ್ರಿ ಮೇಡಮ್. ನೀವ್ ಆರಾಮ ಕುಡೀರಿ."

ಮೂವರೂ ಕಪ್ಪುಗಳನ್ನು ಬುಟ್ಟಿಗೆ ಹಾಕಿ ಹೊರಟರು. ಕಬ್ಬಿನ ಗಾಡಿಗಳ ಸಾಲಿನ ಆಚೆ ತಲುಪಿದ ಮೇಲೆ ಅಣ್ಣಾಸಾಬರ ಕೈ ಮತ್ತೆ ಮೇಲೆದ್ದದ್ದು ಕಂಡಿತು. ಉಜ್ವಲಾ ಬಸಿಗೆ ಸ್ವಲ್ಪ ಸುರಿದುಕೊಂಡು ಊದಿದಳು. ಚಹಾ ಇನ್ನೂ ಕುಡಿಯಲಾರದಷ್ಟು ಬಿಸಿಯಿತ್ತು.