ಮೂರು ಸಾವಿರದ ಮೇಲೊಂದು

ದುಡ್ಡು ಕೊಟ್ಟರೆ ತಮ್ಮನನ್ನು ಬಿಡುತ್ತಾರೆ ಎಂದು ಗೊತ್ತಾದ ದಿನ, ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು. ಅದಕ್ಕೆ ಮೊದಲಿನ ಎರಡು ತಿಂಗಳು ಅವನು ಬದುಕಿದ್ದಾನೋ ಇಲ್ಲವೋ ಎಂದೇ ತಿಳಿದಿರಲಿಲ್ಲ. ಬೆಲೆ ಕಟ್ಟಿದ್ದಾರೆ ಅಂದರೆ ಜೀವ ಇದೆ ಎಂದರ್ಥ. ಮೂರು ಸಾವಿರ ಡಾಲರ್.

ತಮ್ಮ ಮೋಕ್ಷಿತ್ ಹೋದದ್ದು ಥೈಲ್ಯಾಂಡಿಗೆ, ಹೋಟೆಲಿನ ರಿಸೆಪ್ಶನ್ ಕೆಲಸಕ್ಕೆ. ಏಜೆಂಟ್ ಹೇಳಿದ್ದು ಹಾಗೆ. ಬಜಪೆಯಲ್ಲಿ ವಿಮಾನ ಹತ್ತಿಸುವಾಗ ಅವನ ಹೊಸ ಶೂ ನೋಡಿ ನಾನೇ ತಮಾಷೆ ಮಾಡಿದ್ದೆ, ಮದುಮಗನ ಹಾಗೆ ಕಾಣುತ್ತೀ ಎಂದು. ಅಲ್ಲಿ ಇಳಿದ ಮೇಲೆ ಅವನನ್ನು ವ್ಯಾನಿನಲ್ಲಿ ಕೂರಿಸಿ, ಒಂದು ಹೊಳೆ ದಾಟಿಸಿ, ಗಡಿಯಾಚೆ ಎತ್ತರದ ಗೋಡೆಯ ಒಂದು ಕಟ್ಟಡಕ್ಕೆ ತಳ್ಳಿದರು. ದಿನಕ್ಕೆ ಹದಿನಾರು ಗಂಟೆ ಕಂಪ್ಯೂಟರ್ ಮುಂದೆ ಕೂತು, ಗುರುತಿಲ್ಲದ ಗಂಡಸರಿಗೆ ಹೆಣ್ಣಿನ ಹೆಸರಿನಲ್ಲಿ ಪ್ರೀತಿಯ ಮೆಸೇಜ್ ಬರೆದು ದುಡ್ಡು ಕೀಳುವ ಕೆಲಸ. ಮಾಡದಿದ್ದರೆ ಹೊಡೆತ. ಬಿಟ್ಟು ಹೋಗಬೇಕೆಂದರೆ ಕರಾರು ಮುರಿದ ದಂಡ ಮೂರು ಸಾವಿರ, ಅದೂ ಹತ್ತು ದಿನದೊಳಗೆ. ತಪ್ಪಿದರೆ ಅವನನ್ನು ಇನ್ನೊಂದು ಕಂಪನಿಗೆ ಮಾರುತ್ತಾರಂತೆ. ಅಲ್ಲಿಗೆ ಹೋದವರಿಂದ ಮತ್ತೆ ಫೋನ್ ಬರುವುದಿಲ್ಲವಂತೆ. ಇದನ್ನೆಲ್ಲ ಫೋನಿನಲ್ಲಿ, ಹಿಂದಿಯಲ್ಲಿ, ಸೊಸೈಟಿಯ ಕ್ಲಾರ್ಕ್ ಕಂತಿನ ವಿಷಯ ಹೇಳುವಷ್ಟು ತಣ್ಣಗೆ ಹೇಳಿದ್ದು ಅಲ್ಲಿಯ ಮ್ಯಾನೇಜರ್. ಪಡೀಲಿನ ನನ್ನ ಬ್ಯೂಟಿ ಪಾರ್ಲರಿನಲ್ಲಿ ಆಗ ನಾನು ಒಬ್ಬರ ಹುಬ್ಬು ತಿದ್ದುತ್ತಿದ್ದೆ. ಅವರ ಎಡಗಡೆಯ ಹುಬ್ಬು ಅರ್ಧಕ್ಕರ್ಧ ಹೋಯಿತು. ಅವರು ಮತ್ತೆ ನನ್ನಲ್ಲಿಗೆ ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಾಗಿತ್ತು. ರಾಯಭಾರ ಕಚೇರಿಗೆ ಮೇಲ್ ಹೋಗಿತ್ತು. ಅವರದ್ದೇನೂ ತಪ್ಪಿಲ್ಲ, ಅವನಂಥವರು ಅಲ್ಲಿ ಸಾವಿರಗಟ್ಟಲೆ ಇದ್ದರಂತೆ. ಆದರೆ ಕಾಗದ ನಡೆಯುವ ವೇಗ ಒಂದು, ಹತ್ತು ದಿನ ಮುಗಿಯುವ ವೇಗ ಇನ್ನೊಂದು. ಅಮ್ಮ ಕೈಯ ಎರಡೂ ಬಳೆ ಸಾಬೂನು ಹಚ್ಚಿ ತೆಗೆದು ನನ್ನ ಮುಂದೆ ಇಟ್ಟಳು. ನಾನು ಕುತ್ತಿಗೆಯ ಚೈನು ಬಿಚ್ಚಿದೆ. ಮನೆ ಬಾಡಿಗೆಯದ್ದು, ಅಪ್ಪ ಎಂದೋ ತೀರಿಕೊಂಡವರು. ಮಾರಲಿಕ್ಕೆ ಇದ್ದದ್ದು ಇಷ್ಟೇ.

ದುಡ್ಡು ಹೊಂದಿಸುವುದೇ ಕಷ್ಟ ಎಂದುಕೊಂಡಿದ್ದೆ. ಕಳಿಸುವುದು ಅದಕ್ಕಿಂತ ಕಷ್ಟ ಎಂದು ಆಮೇಲೆ ಗೊತ್ತಾಯಿತು. ನಮ್ಮ ಊರಿನಲ್ಲಿ ದುಡ್ಡು ಹೊರಗಿನಿಂದ ಒಳಗೆ ಬರುವುದೇ ರೂಢಿ. ದುಬೈಯಿಂದ ಬಂದದ್ದನ್ನು ಕೊಡುವ ಅಂಗಡಿ ರಸ್ತೆಗೊಂದು ಉಂಟು. ಇಲ್ಲಿಂದ ಅಲ್ಲಿಗೆ ಎಂದರೆ ಎಲ್ಲರೂ ಮುಖ ನೋಡುತ್ತಾರೆ. ಬ್ಯಾಂಕಿನವರು ಯಾರಿಗೆ, ಯಾಕೆ, ಖಾತೆ ನಂಬರ್ ಎಷ್ಟು ಎಂದು ಕೇಳಿದರು. ತಮ್ಮನನ್ನು ಕೂಡಿಹಾಕಿದವರಿಗೆ ಎಂದು ಫಾರ್ಮಿನಲ್ಲಿ ಬರೆಯಲಾಗುತ್ತದೆಯೇ? ತಮ್ಮನನ್ನು ಇಟ್ಟುಕೊಂಡ ಮ್ಯಾನೇಜರಿಗೂ ಬ್ಯಾಂಕ್ ಬೇಡ. ಅವನಿಗೆ ಬೇಕಾದ್ದು ಕ್ರಿಪ್ಟೊ. ಒಂದಕ್ಕೆ ಒಂದು ಡಾಲರ್ ಬೆಲೆ ಇರುವ ಅಂಥದ್ದು, ಫೋನಿನಿಂದ ಫೋನಿಗೆ ಹೋಗುವಂಥದ್ದು. ಅಂಕೆ ಅಕ್ಷರ ಬೆರೆತ ಮೂವತ್ತನಾಲ್ಕು ಅಕ್ಷರದ ಒಂದು ವಿಳಾಸ ಕಳಿಸಿದ್ದ. ಅದರಲ್ಲಿ ಊರಿಲ್ಲ, ಹೆಸರಿಲ್ಲ.

ನನ್ನ ಗಿರಾಕಿ ರಮ್ಲಾಳ ಗಂಡನಿಗೆ ಇದೆಲ್ಲ ಗೊತ್ತಿತ್ತು. ಕುದ್ರೋಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಯಾಹ್ಯಾ. ಹಿರಿಯರೆಂದು ಎಲ್ಲರೂ ಕರೆಯುವುದು ಯಾಹ್ಯಾಕ. ಅವರಿಗೆ ಈ ಕೆಲಸ ಇಷ್ಟವಿರಲಿಲ್ಲ. ಗುರುತಿಲ್ಲದವನಿಂದ ಇದನ್ನು ಕೊಂಡರೆ, ಅವನ ದುಡ್ಡು ಎಲ್ಲಿಯದೋ ಎಂದು ನಮ್ಮ ಖಾತೆಯನ್ನೂ ಬ್ಯಾಂಕಿನವರು ನಿಲ್ಲಿಸುವುದುಂಟಂತೆ. ಒಮ್ಮೆ ಕಳಿಸಿದರೆ ವಾಪಸು ಇಲ್ಲ, ಹೋಗಿ ಜಗಳ ಮಾಡಲಿಕ್ಕೆ ಒಬ್ಬ ಮ್ಯಾನೇಜರೂ ಇಲ್ಲ ಎಂದು ನಾಲ್ಕು ಸಲ ಹೇಳಿದರು. ಐದನೆಯ ಸಲ ಹೇಳುವಾಗ ನಾನು ಕೌಂಟರಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅವರು ಅಂಗಡಿಯ ಶಟರ್ ಅರ್ಧ ಎಳೆದು ತಮ್ಮ ಫೋನ್ ತೆಗೆದರು.

ಕಳಿಸುವಾಗ ಅಮ್ಮನೂ ಬಂದಿದ್ದಳು. ಬರಬೇಡ ಎಂದರೆ ಕೇಳುವ ಜನ ಅಲ್ಲ ನಮ್ಮಮ್ಮ ಕುಶಲಾ. ಯಾಹ್ಯಾಕ ವಿಳಾಸದ ಮೊದಲ ನಾಲ್ಕು ಅಕ್ಷರ, ಕೊನೆಯ ನಾಲ್ಕು ಅಕ್ಷರ ಓದುತ್ತಿದ್ದರು, ನಾನು ನನ್ನ ಫೋನಿನಲ್ಲಿ ಸರಿ ನೋಡುತ್ತಿದ್ದೆ. ಒಂದು ಅಕ್ಷರ ತಪ್ಪಿದರೆ ಅಮ್ಮನ ಬಳೆ ಯಾರ ಕೈಗೂ ಸಿಗದೆ ಹೋಗುತ್ತದೆ ಎಂದು ಹೆದರಿ ಎರಡು ಸಲ ಓದಿಸಿದೆ. ಮೊತ್ತದ ಜಾಗದಲ್ಲಿ ಅವರು ಮೂರು ಸಾವಿರ ಒತ್ತಿದ್ದು ಅಮ್ಮನಿಗೆ ಕಂಡಿತು.

“ಸೊನ್ನೆಗೆ ನಿಲ್ಲಿಸ್ಬೇಡಿ,” ಎಂದಳು ಅಮ್ಮ. “ಮೇಲೆ ಒಂದು ಹಾಕಿ.”

ಅವರು ಕೇಳಿದಷ್ಟೇ ಹಾಕುವ ಎಂದರು ಯಾಹ್ಯಾಕ. ಇದು ಮದುವೆಯ ಕವರ್ ಅಲ್ಲ ಮಾರಾಯ್ತಿ ಎಂದು ನಾನು ರೇಗಿದೆ. ಅಮ್ಮ ಜಗಳ ಮಾಡಲಿಲ್ಲ, ಕೌಂಟರಿನಿಂದ ಕದಲಲೂ ಇಲ್ಲ. ಹುಟ್ಟಿದಂದಿನಿಂದ ಅವಳು ಯಾರಿಗೂ ಐನೂರು ಕೊಟ್ಟವಳಲ್ಲ, ಐನೂರ ಒಂದೇ ಕೊಟ್ಟವಳು. ಮಗ ಮನೆಗೆ ಬರುವ ದುಡ್ಡನ್ನು ಸೊನ್ನೆಯಲ್ಲಿ ನಿಲ್ಲಿಸಲು ಅವಳಿಂದ ಆಗಲಿಲ್ಲ. ಒಂದು ಡಾಲರಿಗೆ ತೊಂಬತ್ತು ಚಿಲ್ಲರೆ ರೂಪಾಯಿ. ಅಷ್ಟಕ್ಕೆ ಅವಳ ಮನಸ್ಸು ನೋಯಿಸುವುದು ಯಾಕೆ ಎಂದು ಹಾಕಿಸಿದೆ. ಸುಳ್ಳು ಹೇಳುವುದಿಲ್ಲ, ಹಾಕಿದ ಮೇಲೆ ನನಗೂ ಒಳಗೊಳಗೆ ಧೈರ್ಯ ಬಂತು.

ಎರಡು ನಿಮಿಷದಲ್ಲಿ ಹೋಯಿತು. ಯಾಹ್ಯಾಕ ಒಂದು ವೆಬ್‌ಸೈಟ್ ತೋರಿಸಿದರು. ಆ ವಿಳಾಸ ಹಾಕಿದರೆ ಅಲ್ಲಿಗೆ ಬಂದ ದುಡ್ಡು ಲೋಕದಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ. ನಮ್ಮ ಮೂರು ಸಾವಿರದ ಒಂದು ಅಲ್ಲಿತ್ತು. ಮನೆಗೆ ಬಂದು ಅನ್ನ ಬಡಿಸುವಾಗ ನೋಡಿದೆ, ಇತ್ತು. ಮರುದಿನ ಗಿರಾಕಿಯ ತಲೆಗೆ ಮೆಹಂದಿ ಹಚ್ಚುವ ನಡುವೆ ಕೈ ಒರೆಸಿ ನೋಡಿದೆ. ಇರಲಿಲ್ಲ, ಇನ್ನೊಂದು ವಿಳಾಸಕ್ಕೆ ಹೋಗಿತ್ತು. ಎಲ್ಲರಿಗೂ ಕಾಣುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಇದನ್ನು ಕಂಡುಹಿಡಿದವನನ್ನು ಕೈಗೆ ಸಿಕ್ಕಿದರೆ ಬಿಡುವುದಿಲ್ಲ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ತಮ್ಮನೇ ಮಾತಾಡಿದ, ತುಳುವಿನಲ್ಲಿ, ಅವಸರವಾಗಿ. ಹೊರಟಿದ್ದೇನೆ ಎನ್ನುತ್ತಾನೆ ಎಂದು ಕಾದೆ. ಅವನ ದನಿ ಹಾಗಿರಲಿಲ್ಲ.

“ಅಕ್ಕ, ಮೂರು ಸಾವಿರ ಕೇಳಿದ್ದಕ್ಕೆ ಒಂದು ಜಾಸ್ತಿ ಯಾಕೆ ಬಂತು ಅಂತ ಇವ್ರು ಕೇಳಿದ್ರು. ಅದು ಅಮ್ಮ ಹಾಕಿದ್ದು ಅಂತ ನಂಗೆ ಕೂಡ್ಲೆ ಗೊತ್ತಾಯ್ತು. ನಂಗೆ ಅಳು ಬಂತು ಅಕ್ಕ. ನಾನು ಹೇಳಿದೆ, ನಮ್ಮಲ್ಲಿ ಹಾಗೆ, ಸೊನ್ನೆಗೆ ನಿಲ್ಲಿಸಿದ್ರೆ ಕೊಡುದು ಅಲ್ಲಿಗೇ ಮುಗೀತದೆ, ಒಂದು ಹಾಕಿದ್ರೆ ಮುಂದೆಯೂ ಕೊಡ್ಲಿಕ್ಕೆ ಆಗ್ತದೆ ಅಂತ.”

ಅವನಿಗೆ ಮುಂದೆ ಹೇಳಲು ಬಿಡಲಿಲ್ಲ. ಮ್ಯಾನೇಜರ್ ಫೋನ್ ತೆಗೆದುಕೊಂಡ. ಒಳ್ಳೆಯ ಪದ್ಧತಿ, ನಿಮ್ಮ ತಾಯಿ ದೊಡ್ಡ ಮನಸ್ಸಿನವರು ಎಂದ. ಕೇಳಿದ್ದಕ್ಕಿಂತ ಹೆಚ್ಚು ಕೊಡುವವರ ಹತ್ತಿರ ಇನ್ನೂ ಇರುತ್ತದೆ ಎಂದ. ಇನ್ನು ಐದು ಸಾವಿರ, ಏಳು ದಿನ.

ನನಗೆ ಸಿಟ್ಟು ಬಂದರೆ ನಾಲಿಗೆ ನನ್ನ ಹಿಡಿತದಲ್ಲಿ ಇರುವುದಿಲ್ಲ. ಪಾರ್ಲರ್ ಮುಚ್ಚಿ ನೇರ ಮನೆಗೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಕೂತು ಹರಿವೆ ಸೊಪ್ಪು ಹೆಚ್ಚುತ್ತಿದ್ದಳು. ಅವನು ಬಂದರೆ ಮಲಗಲಿ ಎಂದು ಒಳಗಿನ ಕೋಣೆಯ ಮಂಚಕ್ಕೆ ಒಗೆದ ಹೊದಿಕೆ ಹಾಸಿಟ್ಟಿದ್ದಳು. ಅದನ್ನು ನೋಡಿದ್ದೇ ನನ್ನ ತಲೆ ಕೆಟ್ಟಿತು. ನಿನ್ನ ಆ ಒಂದು ಡಾಲರೇ ಅವನನ್ನು ಕೊಂದದ್ದು, ನಿನ್ನ ಶಾಸ್ತ್ರಕ್ಕೆ ಬೆಂಕಿ ಬೀಳಲಿ ಎಂದೆ. ಮ್ಯಾನೇಜರ್ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಅಮ್ಮ ಅಳಲಿಲ್ಲ. ಹೆಚ್ಚಿದ ಸೊಪ್ಪನ್ನು ಒಟ್ಟು ಮಾಡಿ ಪಾತ್ರೆಗೆ ಹಾಕಿ, ಕೈ ತೊಳೆದು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನಾನು ಏನು ಬೇಕಾದರೂ ಕೊಟ್ಟೇನು.

ಆ ವಾರವೆಲ್ಲ ಐದು ಸಾವಿರಕ್ಕೆ ಓಡಿದೆ. ಕೇಳದ ಮನೆ ಇಲ್ಲ. ಯಾಹ್ಯಾಕನ ಖಾತೆಯನ್ನು, ಅವರು ಹೆದರಿದ್ದ ಹಾಗೇ, ಬ್ಯಾಂಕಿನವರು ನಿಲ್ಲಿಸಿದ್ದರು. ಅವರಿಗೆ ಕ್ರಿಪ್ಟೊ ಮಾರಿದವನ ಮೇಲೆ ಎಲ್ಲಿಯದೋ ದೂರು ಇತ್ತಂತೆ. ಅಂಗಡಿಗೆ ಸಾಮಾನು ತರಿಸಲು ಅವರ ಕೈಯಲ್ಲೇ ಕಾಸಿರಲಿಲ್ಲ. ಬೈಯಲಿ ಎಂದೇ ಹೋದೆ. ಅವರು ಬೈಯದೆ ಚಹಾ ತರಿಸಿದರು, ಅದು ಇನ್ನೂ ಕಷ್ಟವಾಯಿತು. ಆರನೆಯ ದಿನಕ್ಕೆ ನನ್ನಲ್ಲಿದ್ದದ್ದು ನಲವತ್ತು ಸಾವಿರ ರೂಪಾಯಿ. ಕಳಿಸಿದರೂ ಮತ್ತೆ ಕೇಳುತ್ತಾರೆ ಎಂದು ನನಗೂ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಕೊಡುವವರು ಇರುವವರೆಗೆ ಅವರು ಅವನನ್ನು ಬಿಡುವುದಿಲ್ಲ.

ಏಳನೆಯ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು ಬಂದಳು. ಆ ಒಂದು ವಾರ ಅವಳು ನನ್ನ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

“ಕೊಡುವವಳು ನಾನು ಅಂತ ಅವರಿಗೆ ಗೊತ್ತಾಗಿದೆ,” ಎಂದಳು. “ನಾನು ಸತ್ತೆ ಅಂತ ಹೇಳು. ಇನ್ನು ಅವನಿಗೆ ಯಾರೂ ಇಲ್ಲ, ಅಕ್ಕನ ಹತ್ತಿರ ಎಂತದೂ ಇಲ್ಲ ಅಂತ ಹೇಳು. ಏನೂ ಹುಟ್ಟದ ಮೇಲೆ ಅವನನ್ನು ಇಟ್ಕೊಂಡು ಅವರಿಗೆ ಎಂತ ಲಾಭ ಉಂಟು?”

ಮಾರಿಬಿಟ್ಟರೆ ಎಂದು ಕೇಳಿದೆ; ಕೊಟ್ಟರೂ ಬಿಡದವರು, ಇನ್ನು ಉಳಿದದ್ದು ಇದೊಂದೇ ದಾರಿ ಎಂದಳು. ಮೋಕ್ಷಿತನಿಗಾದರೂ ಹೇಗಾದರೂ ನಿಜ ತಿಳಿಸಬೇಕಲ್ಲ ಎಂದೆ. ಬೇಡ ಎಂದಳು. ಅವನ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ, ಅವನು ಅತ್ತರೆ ಮಾತ್ರ ಅವರು ನಂಬುತ್ತಾರೆ, ಅಳಲಿ ಎಂದಳು. ನಾನು ಆಗುವುದಿಲ್ಲ ಎಂದೆ, ಕೂಗಾಡಿದೆ, ಕಾಲು ಹಿಡಿದೆ. ಅವಳು ಅಷ್ಟರಲ್ಲಿ ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದಳು.

ಅವಳೇ ಒಂದೊಂದಾಗಿ ಹೇಳಿದಳು, ನಾನು ಮಾಡಿದೆ. ತೆಂಗಿನಕಾಯಿ ಒಡೆದು ಎರಡು ಹೋಳಿಗೂ ಎಣ್ಣೆ ಬಿಟ್ಟು ಬತ್ತಿ ಹಚ್ಚಿ ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು ಇಟ್ಟೆ. ಮೂಗಿಗೆ ಹತ್ತಿ ಇಡಲು ಪಾರ್ಲರಿನ ಪೆಟ್ಟಿಗೆಯಿಂದಲೇ ತೆಗೆದೆ. ಮುಖ ಹೆಚ್ಚು ಬೆಳ್ಳಗೆ ಮಾಡಬೇಡ, ನಾನು ಇಷ್ಟು ಬಿಳಿ ಯಾವತ್ತೂ ಇರಲಿಲ್ಲ ಎಂದಳು. ಮದುಮಗಳನ್ನು ಸಿಂಗರಿಸಿ ಹೊಟ್ಟೆ ಹೊರೆಯುವ ಕೈ ನನ್ನದು. ಆ ಕೈಯಿಂದಲೇ ಹೆತ್ತವಳನ್ನು ಹೆಣ ಮಾಡಿದೆ. ಗದ್ದಕ್ಕೆ ಬಟ್ಟೆ ಕಟ್ಟುವಾಗ ಅವಳು ನನ್ನ ಕೈ ಒಮ್ಮೆ ಒತ್ತಿದಳು. ಆಮೇಲೆ ಕಣ್ಣು ಮುಚ್ಚಿದಳು.

ಫೋಟೊ ತೆಗೆದು ಕಳಿಸಿದೆ. ಕಾಲು ಗಂಟೆಗೆ ಮ್ಯಾನೇಜರನ ಫೋನ್ ಬಂತು. ಯಾವಾಗ, ಹೇಗೆ ಎಂದು ಕೇಳಿದ. ಇವತ್ತು ಬೆಳಿಗ್ಗೆ, ಎದೆಯೊಡೆದು ಎಂದೆ. ಬಳೆ ಚೈನು ಹೋಗಿಯಾಯಿತು, ಕಟ್ಟಿಗೆಗೂ ಸಾಲ ಮಾಡಿದ್ದೇನೆ, ನನ್ನ ಹತ್ತಿರ ಇನ್ನು ಒಂದು ಪೈಸೆ ಹುಟ್ಟುವುದಿಲ್ಲ, ಅವನನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದೆ. ಆ ಕೊನೆಯ ಮಾತು ಹೇಳುವುದು ಅಮ್ಮ ಹೇಳಿಕೊಟ್ಟದ್ದರಲ್ಲಿ ಇರಲಿಲ್ಲ. ನಂಬಿದನೋ ಇಲ್ಲವೋ ಅವನ ದನಿಯಲ್ಲಿ ಗೊತ್ತಾಗಲಿಲ್ಲ. ಮೊದಲು ನಿಮ್ಮ ತಮ್ಮನಿಗೆ ಹೇಳಿ, ಉಳಿದದ್ದು ಆಮೇಲೆ ನೋಡುವ ಎಂದು ಅವನನ್ನು ಕರೆಸಿದ.

ಫೋಟೊವನ್ನು ಅವನಿಗೆ ತೋರಿಸಿಯೇ ಫೋನ್ ಕೊಟ್ಟಿರಬೇಕು. ಮೋಕ್ಷಿತ್ ಹೊಟ್ಟೆಗೆ ಒದೆ ತಿಂದವನಂತೆ ಒಂದು ಸದ್ದು ಮಾಡಿದ. ಅವನ ಅಳು ಚಾವಡಿ ತುಂಬಿತು. ಫೋನ್ ಸ್ಪೀಕರಿನಲ್ಲಿತ್ತು. ಅವನ ದನಿ ತನಗೂ ಕೇಳಬೇಕು ಎಂದು ಹೇಳಿಯೇ ಅಮ್ಮ ಮಲಗಿದ್ದಳು. ಕೊನೆಗೆ ಅವನು ಕೇಳಿದ, ಬಾಯಿಗೆ ನೀರು ಯಾರು ಬಿಟ್ಟರು ಎಂದು. ಸಾಯುವವರ ಬಾಯಿಗೆ ಮಗ ಬಿಡಬೇಕಾದ ನೀರು ಅದು. ನಾನೇ ಬಿಟ್ಟೆ ಎಂದೆ.

“ಅಕ್ಕ,” ಎಂದ. “ಫೋನ್ ಒಮ್ಮೆ ಅಮ್ಮನ ಕೆಬಿಯ ಹತ್ತಿರ ಹಿಡಿ.”

ಕೆಬಿ ಎಂದರೆ ತುಳುವಿನಲ್ಲಿ ಕಿವಿ; ಎಳೆಯವನಿದ್ದಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದ. ನಾನು ಮಂಡಿಯೂರಿ ಫೋನನ್ನು ಅಮ್ಮನ ಬಲಗಿವಿಯ ಹತ್ತಿರ ಹಿಡಿದೆ. ಅವನು ಕರೆದ. ಅಮ್ಮ ಎಂದ, ಸ್ವಲ್ಪ ತಡೆದು ಮತ್ತೊಮ್ಮೆ ಅಮ್ಮ ಎಂದ, ನಾನು ಬರುತ್ತೇನೆ ಎಂದು ಹೇಳಿದ್ದೆನಲ್ಲ ಎಂದ. ಅಮ್ಮನ ಮುಚ್ಚಿದ ಕಣ್ಣಿನಿಂದ ನೀರು ಹರಿದು, ನಾನು ಹಚ್ಚಿದ ಪೌಡರನ್ನು ತೋಯಿಸಿಕೊಂಡು, ಕಿವಿಯವರೆಗೆ ಇಳಿಯಿತು. ಮಗ ಕರೆಯುತ್ತಲೇ ಇದ್ದ. ಅವಳು ಓಗೊಡಲಿಲ್ಲ.